ಕರಗದೆ ಗಟ್ಟಿಯಾದದ್ದು

ತೋಡಾರಿನ ನಮ್ಮ ಮನೆಯ ಫ್ರಿಜ್ಜಿಗೆ ವಯಸ್ಸಾಗಿದೆ. ಮೇಲಿನ ಖಾನೆಯಲ್ಲಿ ಮಂಜಿನ ಬಿಳಿ ಹುಡಿ ಕಟ್ಟಿ ಕಟ್ಟಿ, ಕೊನೆಗೆ ಒಂದು ಹಾಲಿನ ತೊಟ್ಟೆ ಇಡಲಿಕ್ಕೂ ಜಾಗ ಉಳಿಯುವುದಿಲ್ಲ. ಆಗ ಅಮ್ಮ ದೋಸೆಯ ಸಟ್ಟುಗ ಹಿಡಿದು ಯುದ್ಧಕ್ಕೆ ಹೊರಡುತ್ತಾಳೆ. ಕಳೆದ ಬೇಸಗೆಯಲ್ಲಿ ಹಾಗೆ ಕೆರೆದು ತೆಗೆದ ಹುಡಿಯನ್ನು ಉಂಡೆ ಕಟ್ಟುವ ಹಾಗೆ ಅಂಗೈಯಲ್ಲಿ ಅದುಮಿ, "ನೋಡು ಮಾರಾಯ, ಹತ್ತಿಯ ಹಾಗೆ ಇದ್ದದ್ದು ಕಲ್ಲಾಯಿತು" ಎಂದು ನನ್ನ ಕೈಗಿಟ್ಟಳು.

ಭೂಗೋಳದ ಮೇಷ್ಟ್ರ ಕೈಗೆ ಮಂಜುಗಡ್ಡೆ ಕೊಟ್ಟರೆ ಪಾಠ ತಪ್ಪುತ್ತದೆಯೇ? ಶುರು ಮಾಡಿಯೇ ಬಿಟ್ಟೆ. ನಿನ್ನ ಅಂಗೈಯ ಬಿಸಿಗೆ ಇದು ತುಸು ಕರಗಿ ಅಂಟಿಕೊಂಡಿತು, ಧ್ರುವದ ನಡುನಾಡಿನಲ್ಲಿ ಅದೂ ಬೇಡ, ಎಂದೆ. ಅಲ್ಲಿ ಈ ವರ್ಷ ಬಿದ್ದ ಹಿಮದ ಮೇಲೆ ಬರುವ ವರ್ಷದ್ದು ಬಂದು ಕೂರುತ್ತದೆ, ಅದರ ಮೇಲೆ ಮತ್ತೊಂದು ವರ್ಷದ್ದು. ಹಿಮದ ಒಂದು ಎಸಳಿಗೂ ತೂಕವೆಂಬುದಿಲ್ಲ. ಆದರೆ ಅಡಿಯಲ್ಲಿದ್ದವು ಮೇಲಿನವುಗಳ ಭಾರಕ್ಕೆ ತಮ್ಮ ನವಿರಾದ ಮೊನೆಗಳನ್ನು ಕಳೆದುಕೊಂಡು ಹರಳಾಗಿ, ಹರಳಿಗೆ ಹರಳು ಬೆಸೆದು, ನಡುವೆ ಗಾಳಿಯಾಡುತ್ತಿದ್ದ ದಾರಿಗಳೆಲ್ಲ ಒಂದೊಂದಾಗಿ ಮುಚ್ಚಿ, ಹತ್ತಾರು ಮೀಟರ್ ಆಳದಲ್ಲಿ ಗಟ್ಟಿ ಮಂಜುಗಡ್ಡೆಯಾಗುತ್ತವೆ. ಹೊರಗೆ ಹೋಗಲಾಗದ ಗಾಳಿ ಗುಳ್ಳೆಗಳಾಗಿ ಒಳಗೇ ಉಳಿಯುತ್ತದೆ. ಎಷ್ಟೋ ಸಾವಿರ ವರ್ಷಗಳ ಮೇಲೆ ಆ ಗಡ್ಡೆಯ ಚೂರನ್ನು ನೀರಿಗೆ ಹಾಕಿದರೆ ಚಟಪಟ ಸದ್ದು ಮಾಡಿ ಹೊರಬರುವುದು ಅಂದಿನ ಗಾಳಿಯೇ.

ಅಮ್ಮ ಸಟ್ಟುಗ ಕೆಳಗಿಟ್ಟಳು. "ಕರಗುವುದೇ ಬೇಡವಾ? ಸುಮ್ಮನೆ ಬಿಟ್ಟರೂ ಗಟ್ಟಿ ಆಗ್ತದಾ?" ಎಂದು ಕೇಳಿದವಳು ಉತ್ತರಕ್ಕೆ ಕಾಯದೆ ಒಳಗೆ ಹೋದಳು. ಅವಳಿಗೆ ಮುಂಡಾಜೆಯ ಚಿಕ್ಕಮ್ಮನ ನೆನಪಾಯಿತೆಂದು ನನಗೆ ಗೊತ್ತಾಯಿತು.

ಚಿಕ್ಕಮ್ಮ ಎಂದರೆ ಅಮ್ಮನ ಒಬ್ಬಳೇ ತಂಗಿ. ನಮ್ಮ ಕಡೆ ಶುಭಕಾರ್ಯಕ್ಕೆ ಹೇಳಿಕೆ ಎಂದರೆ ಮನೆಗೆ ಬಂದು, ಕೊಟ್ಟ ಬೆಲ್ಲ-ನೀರು ತೆಗೆದುಕೊಂಡು, ಬಾಯಿಬಿಟ್ಟು ಕರೆಯುವುದು. ಚಿಕ್ಕಮ್ಮ ಹೊಸ ಮನೆ ಒಕ್ಕಲಾದಾಗ ಗೃಹಪ್ರವೇಶದ ಕಾಗದ ಬಂದದ್ದು ವಾಟ್ಸಾಪಿನಲ್ಲಿ. ಸ್ವಂತ ಅಕ್ಕನಿಗೆ ಎಂಥ ಹೇಳಿಕೆ ಎಂದು ಅವಳು. ಸ್ವಂತ ಅಕ್ಕನಿಗೇ ಹೇಳಿಕೆ ಇಲ್ಲವೇ ಎಂದು ಇವಳು. ಅಮ್ಮ ಹೋಗಲಿಲ್ಲ. ಮರುವರ್ಷ ನನ್ನ ಮಗಳ ನಿಶ್ಚಿತಾರ್ಥಕ್ಕೆ ಅಮ್ಮನೂ ವಾಟ್ಸಾಪಿನಲ್ಲೇ ಕಳಿಸಲು ಹೇಳಿದಳು, ಅವರೂ ಬರಲಿಲ್ಲ. ಆಮೇಲೆ ಚೌತಿಗೆ ಫೋನಿಲ್ಲ, ದೀಪಾವಳಿಗೂ ಇಲ್ಲ. ಜಗಳವಾದರೂ ಆಗಿದ್ದರೆ ನಾಲ್ಕು ಮಾತು ಬೈದು, ಅತ್ತು, ಮುಗಿಸಬಹುದಿತ್ತು! ಇಲ್ಲಿ ಬೈದವರು ಯಾರೂ ಇಲ್ಲ, ಮಾತಾಡದ ಒಂದೊಂದು ಹಬ್ಬ ಮೆತ್ತಗೆ ಬಂದು ಹಿಂದಿನದರ ಮೇಲೆ ಕೂತಿತು, ಅಷ್ಟೆ. ಎಪ್ಪತ್ತು ದಾಟಿದ ಇಬ್ಬರಿಗೂ ಇನ್ನೆಷ್ಟು ಹಬ್ಬ ಬಾಕಿ ಉಂಟು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಹೇಳಹೋದರೆ "ನಿನಗೆ ಗೊತ್ತಾಗುವುದಿಲ್ಲ, ಸುಮ್ಮನಿರು" ಎನ್ನುತ್ತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಸುದ್ದಿ ಬಂತು: ಚಿಕ್ಕಮ್ಮ ಅಂಗಳದಲ್ಲಿ ಜಾರಿ ಬಿದ್ದು, ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ ಮನೆಗೆ ಬಂದಿದ್ದಾಳೆ. ನಾನು ಮಾತು ಮುಗಿಸುವ ಮೊದಲೇ ಅಮ್ಮ ಸೀರೆ ಬದಲಿಸಿ ಜಗಲಿಯಲ್ಲಿ ನಿಂತಿದ್ದಳು. "ಹೋಗುವ. ಕಷ್ಟಕ್ಕೆ ಹೇಳಿಕೆ ಬೇಡ." ಕಾರು ವೇಣೂರು ದಾಟಿತು, ಬೆಳ್ತಂಗಡಿ ದಾಟಿತು. ಬಾಗಿಲಲ್ಲಿ ನಿಂತು ಏನು ಹೇಳುವುದೆಂದು ಅವಳು ಹೆದರಿದ್ದಳು, ಪಾಪ. ನನಗೂ ಹೆದರಿಕೆಯೇ.

ಕಾಣದಿದ್ದ ಹೊಸ ಮನೆಯ ಒಳಗೆ ಅಮ್ಮ ಮೊದಲ ಸಲ ಕಾಲಿಟ್ಟಳು. ಚಿಕ್ಕಮ್ಮ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹೆಜ್ಜೆಯ ಸದ್ದಿಗೆ ಕತ್ತು ತಿರುಗಿಸಿ ಒಂದು ಗಳಿಗೆ ದಿಟ್ಟಿಸಿದಳು.

"ಹೇಳಿಕೆ ಇಲ್ಲದೆ ಬಂದೆಯಾ ಅಕ್ಕ?"

"ಬಿದ್ದವರನ್ನು ನೋಡಲಿಕ್ಕೆ ಹೇಳಿಕೆ ಬೇಕಾ?" ಎಂದಳು ಅಮ್ಮ.

ಚಿಕ್ಕಮ್ಮ ಅಮ್ಮನ ಸೆರಗು ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು.

"ಹಾಗಾದರೆ ನಾನು ಮನೆ ಒಕ್ಕಲಿನ ದಿನವೇ ಬೀಳಬೇಕಿತ್ತು."