ಪಾನ್ ಟೀಚರ್ ಉಸಿರೆಳೆದರೆ

ಪಾನ್ ಯುಛಿನ್ ಇಂಗ್ಲಿಷ್ ಟೀಚರ್ ಆದದ್ದು ಇಂಗ್ಲಿಷ್ ಬರುತ್ತಿತ್ತು ಅಂತಲ್ಲ, ಗಂಟಲು ಚೆನ್ನಾಗಿತ್ತು ಅಂತ. ಹದಿನಾರನೇ ವಯಸ್ಸಿಗೇ ಅವರು ಮೂಶಿ ಕಣಿವೆಯ ಧ್ವನಿವರ್ಧಕದಲ್ಲಿ ಕೂಗುತ್ತಿದ್ದರು: ನಾಳೆ ಯಾವ ತಂಡ ಯಾವ ಗದ್ದೆಗೆ, ಹಂದಿಗಳಿಗೆ ಚುಚ್ಚುಮದ್ದು ಯಾವತ್ತು, ಯಾರ ಎಮ್ಮೆ ಹಗ್ಗ ಕಿತ್ತುಕೊಂಡು ಹೋಗಿದೆ. ಮೂರು ಗುಡ್ಡದಾಚೆಗೂ ಒಂದಕ್ಷರ ಬಿಡದೆ ಕೇಳುತ್ತಿತ್ತಂತೆ. ಮುಂದೆ ಮೂಶಿ ಪೇಟೆಯ ಶಾಲೆಗೆ ಇಂಗ್ಲಿಷ್ ಕಲಿಸುವವರು ಬೇಕಾದಾಗ ಅಂದಿನ ಹೆಡ್‌ಮಾಸ್ಟರು, "ಭಾಷೆ ಒಂದು ವರ್ಷದಲ್ಲಿ ಕಲೀಬಹುದು, ಗಂಟಲು ಎಲ್ಲಿಂದ ತರೋದು?" ಎಂದು ಅವರನ್ನೇ ತರಬೇತಿಗೆ ಕಳಿಸಿದರು. ಹೋದರು, ಕಲಿತರು, ಬಂದರು. ಅದಾಗಿ ಇಪ್ಪತ್ತನಾಲ್ಕು ವರ್ಷ.

ಒಂಬತ್ತನೇ ಕ್ಲಾಸಿನ ಕೊನೆಯ ಪರೀಕ್ಷೆಯಲ್ಲಿ ಕೇಳಿ ಉತ್ತರಿಸುವ ಭಾಗ ಸೇರಿಕೊಂಡದ್ದು ಹನ್ನೊಂದು ವರ್ಷದ ಹಿಂದೆ. ಇಪ್ಪತ್ತು ನಿಮಿಷ, ಮೂವತ್ತು ಅಂಕ. ಧ್ವನಿವರ್ಧಕದೊಳಗೆ ಯಾರೋ ಇಬ್ಬರು ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುತ್ತಾರೆ. ಮಕ್ಕಳು ಪ್ರಶ್ನೆ ಓದಿ ಮೂರು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು. ಅಭ್ಯಾಸಕ್ಕೆಂದು ಶಾಲೆಗೆ ಬಂದ ಟೇಪ್‌ರೆಕಾರ್ಡರು ಮೂಶಿಯ ತೇವಕ್ಕೆ ಎರಡೇ ವರ್ಷ ತಾಳಿತು. ಆಮೇಲೆ ಅದರಲ್ಲಿ ಗಂಡಸಿನ ದನಿ ಕೆಸರಲ್ಲಿ ಸಿಕ್ಕಿದ ಕೋಣದ ಹಾಗೆ ಕೇಳತೊಡಗಿತು, ಹೆಂಗಸಿನದು ಅದರ ಹೆಂಡತಿಯ ಹಾಗೆ. ಪಾನ್ ಟೀಚರ್ ಅದನ್ನು ಬೀರುವಿನ ಮೇಲೆ ಎತ್ತಿಟ್ಟು ತಾವೇ ಓದಲು ನಿಂತರು. ಗಂಡಸಾದಾಗ ಗದ್ದವನ್ನು ಕುತ್ತಿಗೆಗೆ ಒತ್ತಿಕೊಂಡು, ಹೆಂಗಸಾದಾಗ ತಲೆಯೆತ್ತಿ, ಚಿಕ್ಕ ಹುಡುಗಿಯಾದಾಗ ತುದಿಗಾಲಲ್ಲಿ ನಿಂತು. ಬಲಗೈಯ ಸೀಮೆಸುಣ್ಣ ಮೇಜಿನ ಮೇಲೆ ಟಕ್ ಟಕ್ ಎನ್ನುತ್ತಿರುತ್ತಿತ್ತು. ಮಕ್ಕಳಿಗೆ ಇಪ್ಪತ್ತಾರು, ಇಪ್ಪತ್ತೆಂಟು ಬರುತ್ತಿತ್ತು.

ಅದೇ ಮಕ್ಕಳಿಗೆ ಜೂನ್ ತಿಂಗಳಲ್ಲಿ ಜಿಲ್ಲಾ ಪೇಟೆಯ ಪರೀಕ್ಷೆಯಲ್ಲಿ ಹತ್ತೋ ಹನ್ನೆರಡೋ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಮೂಶಿಯವರ ಹತ್ತಿರ ಕಾರಣಗಳಿಗೇನು ಬರ. ಅಲ್ಲಿನ ಧ್ವನಿವರ್ಧಕ ಒಡಕು, ಘಟ್ಟದ ಬಸ್ಸಲ್ಲಿ ಮಕ್ಕಳು ವಾಂತಿ ಮಾಡಿಕೊಂಡು ಸುಸ್ತಾಗಿದ್ದರು, ಬೆಟ್ಟದ ಮಕ್ಕಳ ಕಿವಿಯೇ ಹಾಗೆ. ಜಿಲ್ಲೆಯಲ್ಲಿ ಪರೀಕ್ಷೆ ಗೆಲ್ಲುವ ಅರ್ಧದಷ್ಟು ಮಕ್ಕಳು ಜಿಲ್ಲಾ ಪೇಟೆಯಲ್ಲಿ ಹತ್ತನೇ ಕ್ಲಾಸಿನಿಂದ ಶುರುವಾಗುವ ಹೈಸ್ಕೂಲಿಗೆ, ಉಳಿದರ್ಧ ದೂರದ ಡಾಂಗ್‌ಗ್ವಾನ್‌ನ ಕಾರ್ಖಾನೆಗಳಿಗೆ. ಮೂಶಿಯಿಂದ ಕಾರ್ಖಾನೆಗೆ ಹೋಗುವವರೇ ಹೆಚ್ಚು. ಪಾನ್ ಟೀಚರೂ ಒಡಕು ಧ್ವನಿವರ್ಧಕವನ್ನು ಮನಸಾರೆ ಬೈಯುತ್ತಿದ್ದರು.

ಈ ವರ್ಷ ಏಪ್ರಿಲ್‌ನಲ್ಲಿ ಜಿಲ್ಲಾ ಕಚೇರಿಯವರು ಪೂರ್ವಪರೀಕ್ಷೆಗೆ ತಮ್ಮದೇ ಯಂತ್ರ, ತಮ್ಮದೇ ಸಿ.ಡಿ. ತಂದು ಕೇಳಿಸಿದರು. ಐವತ್ತೆರಡು ಮಕ್ಕಳ ಸರಾಸರಿ ಹನ್ನೊಂದು. ಪ್ರತಿಸಲ ಇಪ್ಪತ್ತೊಂಬತ್ತು ತೆಗೆಯುತ್ತಿದ್ದ ಪೆಂಗ್ ಶಿಂಗ್ ಎಂಬ ಹುಡುಗಿಗೆ ಒಂಬತ್ತು. ನಾಲ್ಕೇ ದಿನಕ್ಕೆ ಕಾಗದ ಬಂತು: ನಿಮ್ಮಲ್ಲಿ ಇಪ್ಪತ್ತೆಂಟು, ನಮ್ಮಲ್ಲಿ ಹನ್ನೊಂದು, ಮಕ್ಕಳಿಗೆ ಉತ್ತರ ಕೊಡುತ್ತಿರುವವರು ಯಾರು?

ಹೆಡ್‌ಮಾಸ್ಟರ್ ಶ್ಯಾಂಗ್ ಕಾಗದವನ್ನು ಮೇಜಿನ ಮೇಲೆ ಅವರತ್ತ ತಳ್ಳಿದರು. "ನಾನು ಕೇಳ್ತಿಲ್ಲ ಪಾನ್ ಟೀಚರ್, ಇವರು ಕೇಳ್ತಿದಾರೆ."

"ಉತ್ತರದ ಹಾಳೆ ಬೀಗ ಹಾಕಿ ಇಡ್ತೀನಿ ನಾನು. ಬೀಗದ ಕೈ ಎಲ್ಲಿದೆ ಅಂತ ನನ್ನ ಗಂಡಂಗೂ ಗೊತ್ತಿಲ್ಲ!"

"ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀರಿ? ಕೂತ್ಕೊಳ್ಳಿ, ಚಹಾ ಕುಡೀರಿ."

"ನಿಮ್ಮ ಚಹಾ ನೀವೇ ಇಟ್ಕೊಳ್ಳಿ. ಹಾಳೆ ಕೊಡಿ, ಬರ್ಕೊಡ್ತೀನಿ."

ಬರೆದೂ ಬಿಟ್ಟರು. ಯಾವ ವಿದ್ಯಾರ್ಥಿಗೂ ಯಾವ ರೀತಿಯಲ್ಲೂ ನಾನು ಉತ್ತರ ತಿಳಿಸಿಲ್ಲ, ತಿಳಿಸಿದ್ದು ಖಚಿತವಾದರೆ ಕೆಲಸ ಬಿಡುತ್ತೇನೆ. ಕೆಳಗೆ ಹೆಸರು, ಹೆಸರಿನ ಮೇಲೆ ಕೆಂಪು ಶಾಯಿಯ ಹೆಬ್ಬೆಟ್ಟು. ಆ ಹೆಬ್ಬೆಟ್ಟನ್ನು ಒರೆಸಿಕೊಳ್ಳದೆಯೇ ಒಂಬತ್ತನೇ ಕ್ಲಾಸಿಗೆ ನಡೆದರು.

"ಯಾರಿಗಾದ್ರೂ ನಾನು ಉತ್ತರ ಹೇಳಿದೀನೇನ್ರೋ? ಹೇಳಿ! ಬಾಯಿಗೇನು ಬೀಗ ಬಿದ್ದಿದ್ಯಾ?"

ಎದ್ದು ನಿಂತವಳು ಪೆಂಗ್ ಶಿಂಗ್. ಅವಳಿಗೆ ಉಳಿದ ವಿಷಯಗಳಲ್ಲಿ ಚೆನ್ನಾಗಿಯೇ ಅಂಕ ಬರುತ್ತಿತ್ತು. ಈ ಭಾಗದಲ್ಲಿ ಇಪ್ಪತ್ತು ದಾಟಿದರೆ ಹೈಸ್ಕೂಲು. ದಾಟದಿದ್ದರೆ ಚಿಕ್ಕಮ್ಮನ ಜೊತೆ ಶೂ ಕಾರ್ಖಾನೆಗೆ. ಅಪ್ಪ ಆಗಲೇ ಮಾತಾಡಿಟ್ಟಿದ್ದ.

"ಹೇಳಿಲ್ಲ ಟೀಚರ್. ಆದ್ರೆ… ಉಸಿರೆಳೀತೀರಿ."

"ಉಸಿರೆಳೀದೆ ಸಾಯ್ಲೇನೇ?"

"ಹಾಗಲ್ಲ ಟೀಚರ್. ಉತ್ತರ ಇರೋ ವಾಕ್ಯ ಬರೋಕೆ ಮುಂಚೆ ಮೂಗಲ್ಲಿ ಉದ್ದಕ್ಕೆ ಎಳೀತೀರಿ. ಸೀಮೆಸುಣ್ಣ ನಿಂತ್ಬಿಡುತ್ತೆ. ಅಲ್ಲೀವರ್ಗೂ ನಾವು ಸುಮ್ನೆ ಕೂತಿರ್ತೀವಿ. ಆಮೇಲೆ ಬರೋ ಒಂದೇ ಒಂದು ಮಾತು ಕೇಳಿಸ್ಕೊಂಡ್ರೆ ಸಾಕು."

ಹಿಂದಿನ ಬೆಂಚಿನಿಂದ ಒಬ್ಬ ಧೈರ್ಯ ಮಾಡಿದ: "ನಮ್ಮಣ್ಣ ಹೇಳ್ಕೊಟ್ಟಿದ್ದ ಟೀಚರ್. ಟೀಚರ್ ಉಸಿರೆಳೆದ್ರೆ ಕಿವಿ ತೆರಿ, ಇಲ್ದಿದ್ರೆ ಕಿಟಕಿ ಆಚೆ ನೋಡ್ಕೊಂಡಿರು ಅಂತ."

ಪಾನ್ ಟೀಚರ್ ಪ್ರಶ್ನೆಯ ಹಾಳೆ ಹಂಚಿ, ಪುಸ್ತಕ ತೆರೆದು ಒಂದು ಪಾಠ ಓದಿದರು. ಬಸ್ಸು ಎಷ್ಟು ಹೊತ್ತಿಗೆ ಎಂದು ಹೆಂಗಸು ಕೇಳುತ್ತಾಳೆ. ಎಂಟೂಕಾಲಿಗೆ ಎನ್ನುತ್ತಾನೆ ಗಂಡಸು. ಸೀಮೆಸುಣ್ಣ ಟಕ್ ಟಕ್ ಎನ್ನುತ್ತಲೇ ಇತ್ತು. ಹವೆಯ ಬಗ್ಗೆ ಎರಡು ಮಾತು. ಆಮೇಲೆ ಕೈ ನಿಂತಿತು, ಮೂಗಿನಲ್ಲಿ ಗಾಳಿ ಒಳಕ್ಕೆ ಹೋಯಿತು, ತಮ್ಮ ಕಿವಿಗೇ ಕೇಳಿಸಿತು. ಓಹ್, ಇವತ್ತು ಶನಿವಾರ, ಅರ್ಧ ಗಂಟೆ ತಡ, ಅಂದ ಗಂಡಸು. ಐವತ್ತೆರಡು ತಲೆಗಳು ಒಟ್ಟಿಗೇ ಹಾಳೆಯ ಮೇಲೆ ಬಗ್ಗಿದವು.

ಅವರಿಗೆ ನಾಚಿಕೆಯಾಯಿತು, ಕಾಲ ಕೆಳಗಿನ ನೆಲ ಕುಸಿದಷ್ಟು ನಾಚಿಕೆ. ಮಕ್ಕಳು ಪಾಸಾಗಲಿ ಎಂಬ ಆಸೆ ಎದೆಯಲ್ಲಿ ಎಷ್ಟು ತುಂಬಿತ್ತೋ ಅದು ಮೂಗಿನಿಂದ ಸೋರುತ್ತಿತ್ತು. ಮಕ್ಕಳು ಕಲಿತದ್ದು ಇಂಗ್ಲಿಷಲ್ಲ, ಪಾನ್ ಟೀಚರನ್ನು. ಒಂದು ವರ್ಷವಲ್ಲ ಎರಡು ವರ್ಷವಲ್ಲ, ಒಂಬತ್ತು ವರ್ಷಗಳಲ್ಲಿ ಅವರ ಕೈಯಲ್ಲಿ ಕಲಿತುಹೋದ ಮಕ್ಕಳೆಲ್ಲ. ಅವರಲ್ಲಿ ನೆನಪಿಗೆ ಮೊದಲು ಬಂದವಳು ಲ್ಯಾವ್ ಚುನ್. ಏಳು ವರ್ಷದ ಹಿಂದೆ ನಾಲ್ಕೇ ನಾಲ್ಕು ಅಂಕಕ್ಕೆ ಹೈಸ್ಕೂಲು ತಪ್ಪಿಸಿಕೊಂಡು, ನಾಲ್ಕು ವರ್ಷ ಚೀಲ ಹೊಲಿದು, ಈಗ ಜಿಲ್ಲಾ ಪೇಟೆಯಲ್ಲಿ ಅಕ್ಕಿ ಶಾವಿಗೆಯ ಗಾಡಿ ಇಟ್ಟುಕೊಂಡಿದ್ದಳು.

ಅವತ್ತೇ ಹೆಡ್‌ಮಾಸ್ಟರ ಬಳಿ ಹೋಗಿ, ನಾನು ಬರೆದುಕೊಟ್ಟದ್ದು ಸುಳ್ಳು ಎಂದರು, ನಡೆದದ್ದೆಲ್ಲ ಹೇಳಿದರು. ಶ್ಯಾಂಗ್ ಕನ್ನಡಕ ತೆಗೆದು ಒರೆಸಿದರು. "ಉಸಿರಾಡಿದ್ದಕ್ಕೆ ಯಾರನ್ನಾದ್ರೂ ಕೆಲಸದಿಂದ ತೆಗೀತಾರೇನ್ರೀ? ಕಚೇರಿಯವರಿಗೆ ಏನಂತ ಬರೀಲಿ ನಾನು? ಎರಡು ತಿಂಗಳಿದೆ. ಮೊದ್ಲು ಮಕ್ಕಳನ್ನ ನೋಡಿ ಹೋಗಿ."

ಮೊದಲ ವಾರ ಅವರು ಪಟ್ಟ ಪಾಡು ದೇವರಿಗೇ ಪ್ರೀತಿ. ಉಸಿರು ಬಿಗಿಹಿಡಿದು ಓದಿದರು, ಮುಖ ಕೆಂಪಾಗಿ ಬೆಂಚು ಹಿಡಿದು ಕೂತರು. ಬೆನ್ನು ತಿರುಗಿಸಿ ಓದಿದರು, ಭುಜ ಮೇಲೇಳುತ್ತದೆ ಎಂದರು ಮಕ್ಕಳು. ಬಾಗಿಲ ಹಿಂದೆ ನಿಂತು ಓದಿದರು, ದನಿಯೇ ಹೇಳಿಬಿಡುತ್ತದೆ ಎಂದರು. ಗೊತ್ತಿರುವುದನ್ನು ಗೊತ್ತಿಲ್ಲದ ಹಾಗೆ ಓದಲು ಅವರಿಂದಾಗಲಿಲ್ಲ. ಕೊನೆಗೊಂದು ಬೆಳಿಗ್ಗೆ ಅಂಗಳದಲ್ಲಿ ಹಲ್ಲುಜ್ಜುತ್ತಿದ್ದಾಗ ಹೊಳೆಯಿತು: ಹಾಗಾದರೆ ನನಗೆ ಗೊತ್ತಿರಲೇಬಾರದು.

ಅಂದಿನಿಂದ ಪ್ರಶ್ನೆ ಬರೆಯುವ ಕೆಲಸ ಮಕ್ಕಳದು. ಇಪ್ಪತ್ತಾರು ಮಂದಿ ಪಾಠವನ್ನು ಮನೆಗೆ ಒಯ್ದು, ಓದಿ, ಐದೈದು ಪ್ರಶ್ನೆ ಮಾಡಿ, ಹಾಳೆ ಮಡಚಿ ತರಬೇಕು. ಪಾನ್ ಟೀಚರ್ ಆ ಹಾಳೆ ಬಿಚ್ಚಿ ನೋಡುವುದಿಲ್ಲ. ಉಳಿದ ಇಪ್ಪತ್ತಾರು ಮಂದಿಗೆ ಅದನ್ನು ಹಂಚಿ, ಬರೆದವರನ್ನು ಅಂಗಳಕ್ಕೆ ಅಟ್ಟಿ, ಇವರು ಪಾಠ ಓದುತ್ತಾರೆ. ಮರುದಿನ ಅದಲು ಬದಲು. ಮೊದಮೊದಲು ಬಂದ ಪ್ರಶ್ನೆಗಳು ದೇವರೇ ಗತಿ, ಗಂಡಸಿನ ಹೆಸರೇನು, ಹೆಂಗಸಿನ ಹೆಸರೇನು. ಆಮೇಲೆ ಮಕ್ಕಳಿಗೆ ರುಚಿ ಹತ್ತಿತು. ಎದುರು ಗುಂಪನ್ನು ಬೀಳಿಸಬೇಕಾದರೆ ಪಾಠವನ್ನು ನಾಲ್ಕು ಸಲ ಓದಬೇಕು, ಎಲ್ಲಿ ಮಾತು ತಿರುಗುತ್ತದೆ ಎಂದು ಮೂಸಬೇಕು. ಬೈದರೂ ಓದದವರು ಒಬ್ಬರಿಗೊಬ್ಬರು ಗುಂಡಿ ತೋಡಲು ಓದಿದರು. ಪಾನ್ ಟೀಚರೂ ಒಂದು ದಿನ ಆ ಪ್ರಶ್ನೆಗಳಿಗೆ ಕೂತು ಒಂದರಲ್ಲಿ ಬಿದ್ದರು. ಕ್ಲಾಸು ಬೆಂಚು ಬಡಿದು ಕೂಗಿತು. ಅವರ ಸೀಮೆಸುಣ್ಣ ಈಗ ನಿಲ್ಲುತ್ತಿರಲಿಲ್ಲ, ಎಲ್ಲಿ ನಿಲ್ಲಬೇಕೆಂದು ಅದಕ್ಕೇ ಗೊತ್ತಿರಲಿಲ್ಲ. ಪೆಂಗ್ ಶಿಂಗ್‌ಗೆ ಮೊದಲ ವಾರ ಎಂಟು, ಮೇ ಮುಗಿಯುವಾಗ ಹದಿನಾಲ್ಕು, ಕೊನೆಯ ದಿನ ಹತ್ತೊಂಬತ್ತು. ಇಪ್ಪತ್ತು ಮುಟ್ಟಿರಲಿಲ್ಲ.

ಪರೀಕ್ಷೆಯ ದಿನ ಮಧ್ಯಾಹ್ನ ಮೂರಕ್ಕೆ ಜಿಲ್ಲಾ ಪೇಟೆ ಬಾಯಿ ಮುಚ್ಚಿಕೊಂಡಿತು. ಇಂಗ್ಲಿಷ್ ಕೇಳುವ ಆ ಇಪ್ಪತ್ತು ನಿಮಿಷ ಹಾರ್ನ್ ಇಲ್ಲ, ಕಟ್ಟಡದ ಕೆಲಸ ಇಲ್ಲ, ತರಕಾರಿಯವಳ ಕೂಗಿಲ್ಲ. ರಸ್ತೆಯ ಎರಡೂ ತುದಿಗೆ ಪೊಲೀಸರು ಹಗ್ಗ ಕಟ್ಟಿದ್ದರು. ಪರೀಕ್ಷೆ ನಡೆಯುವ ಶಾಲೆಯ ಹಿಂಗೋಡೆಗೆ ಅಂಟಿಕೊಂಡೇ ಲ್ಯಾವ್ ಚುನ್‌ಳ ಗಾಡಿ. ಅವಳೂ ಒಲೆ ಆರಿಸಿ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದಳು. ಪಾನ್ ಟೀಚರ್ ಎದುರಿನ ಸ್ಟೂಲಿನಲ್ಲಿ ಕೂತಿದ್ದರು. ಇಲ್ಲಿಗೆ ಬಂದದ್ದೇ ಅವಳಿಗೆ ಒಂದು ಮಾತು ಹೇಳಬೇಕೆಂದು.

ಗೋಡೆಯಾಚೆ ಧ್ವನಿವರ್ಧಕದ ಹೆಂಗಸು ಮಾತಾಡತೊಡಗಿದಳು. ಒಡಕೇನೂ ಇರಲಿಲ್ಲ, ನೀರಿನಷ್ಟು ತಿಳಿಯಾಗಿತ್ತು. ಗ್ರಂಥಾಲಯ ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಗುರುವಾರವಾದರೆ ಎಷ್ಟು ಹೊತ್ತಿಗೆ.

ಲ್ಯಾವ್ ಚುನ್ ತಲೆಯೆತ್ತದೆ ಪಿಸುಗುಟ್ಟಿದಳು: "ಉಸಿರೆಳೀಬೇಡಿ ಟೀಚರ್. ಒಳಗಿರೋರಿಗೆ ಉತ್ತರ ಗೊತ್ತಾಗ್ಬಿಡುತ್ತೆ."

"ನಿಂಗೂ ಗೊತ್ತಿತ್ತಾ?"

"ಎಲ್ರಿಗೂ ಗೊತ್ತಿತ್ತು. ಬೇಕಂತ್ಲೇ ಮಾಡ್ತೀರಿ ಅನ್ಕೊಂಡಿದ್ವಿ. ಪಾಪ, ನಮ್ಮ ಮೇಲಿನ ಪ್ರೀತಿಗೆ ಅಂತ."

"ನಂಗೇ ಗೊತ್ತಿರ್ಲಿಲ್ಲ ಕಣೇ ಚುನ್. ಏಪ್ರಿಲ್‌ನಲ್ಲಿ ಗೊತ್ತಾಯ್ತು. ನಿನ್ನ ನಾಲ್ಕು ಅಂಕ ನಾನು ತಿಂದೆ."

ಲ್ಯಾವ್ ಚುನ್‌ಳ ಬೆರಳು ನಿಂತಿತು. ಗೋಡೆಯಾಚೆ ಒಂದು ಸಂಭಾಷಣೆ ಮುಗಿದು ಇನ್ನೊಂದು ಶುರುವಾಯಿತು.

"ಅವತ್ತು ಇದೇ ಗೋಡೆ ಒಳಗಡೆ ಕೂತು ಕಾಯ್ತಾನೇ ಇದ್ದೆ ಟೀಚರ್," ಎಂದಳು. "ಈಗ ಎಳೀತಾಳೆ, ಇನ್ನೇನು ಎಳೀತಾಳೆ ಅಂತ. ಟೇಪಿನ ಆ ಯಮ್ಮ ಉಸಿರು ಎಳೀಲೇ ಇಲ್ಲ. ಟೇಪು ಮುಗಿದೇ ಹೋಯ್ತು."

ಪಾನ್ ಟೀಚರ ಕಣ್ಣಲ್ಲಿ ನೀರು ಬಂತು. ತಪ್ಪಾಯ್ತು ಎಂದರು. ವಿದ್ಯಾರ್ಥಿಯೊಬ್ಬಳಿಗೆ ಅವರು ಆ ಮಾತು ಹೇಳಿದ್ದು ಅದೇ ಮೊದಲು. ಲ್ಯಾವ್ ಚುನ್ ಪರವಾಗಿಲ್ಲ ಎನ್ನಲಿಲ್ಲ. ಬೆಳ್ಳುಳ್ಳಿಯ ಬುಟ್ಟಿಯನ್ನು ಇಬ್ಬರ ನಡುವೆ ಎಳೆದಿಟ್ಟು, "ಕೈ ಖಾಲಿ ಇದ್ಯಲ್ಲ, ಸುಲೀರಿ" ಎಂದಳು. ಇಬ್ಬರೂ ಸುಲಿದರು. ಇಪ್ಪತ್ತು ನಿಮಿಷ ಮುಗಿದು ರಸ್ತೆಯಲ್ಲಿ ಮೊದಲ ಹಾರ್ನ್ ಕೇಳಿದಾಗ ಅವಳು ಎದ್ದು ಒಲೆ ಹಚ್ಚಿದಳು.

ಪತ್ರಿಕೆ ಪೂರ್ತಿ ಮುಗಿಯುವಷ್ಟರಲ್ಲಿ ಐದು ಗಂಟೆ. ಪೆಂಗ್ ಶಿಂಗ್ ಬಂದು ಸ್ಟೂಲಿನ ಮೇಲೆ ಧೊಪ್ಪನೆ ಕೂತಳು. ಫಲಿತಾಂಶಕ್ಕೆ ಇನ್ನೂ ಮೂರು ವಾರವಿತ್ತು. ಅವಳಿಗೆ ಇಪ್ಪತ್ತೆರಡು ಬರುತ್ತದೆಂದೂ, ಚಿಕ್ಕಮ್ಮ ಒಬ್ಬಳೇ ಡಾಂಗ್‌ಗ್ವಾನ್‌ಗೆ ಮರಳುತ್ತಾಳೆಂದೂ ಆಗ ಗಾಡಿಯ ಹತ್ತಿರ ಯಾರಿಗೂ ಗೊತ್ತಿರಲಿಲ್ಲ. ಪಾನ್ ಟೀಚರ್ ಹೇಗಿತ್ತು ಎಂದು ಕೇಳುವ ಬದಲು ಬೆಳ್ಳುಳ್ಳಿಯ ಬುಟ್ಟಿ ಎಳೆದುಕೊಂಡರು.

ಕೇಳಿದವಳು ಲ್ಯಾವ್ ಚುನ್. ಹುಳಿಮೆಣಸು ಹಾಕಿದ ಶಾವಿಗೆಯ ಬಟ್ಟಲನ್ನು ಹುಡುಗಿಯ ಮುಂದಿಟ್ಟು, ಸೊಂಟಕ್ಕೆ ಕೈಕೊಟ್ಟು ನಿಂತು ಕೇಳಿದಳು. "ಏನಮ್ಮಾ, ಒಳಗೆ ಕೂತಾಗ ಟೀಚರ್ ದನಿ ನೆನಪಾಯ್ತಾ?"

ಪೆಂಗ್ ಶಿಂಗ್ ಬಾಯ್ತುಂಬ ಶಾವಿಗೆ ಇಟ್ಟುಕೊಂಡೇ ಯೋಚಿಸಿದಳು. "ಇಲ್ಲಕ್ಕ," ಎಂದಳು. "ಒಂದ್ಸಲಾನೂ ನೆನಪಾಗ್ಲಿಲ್ಲ."

ಪಾನ್ ಟೀಚರಿಗೆ ಮೊದಲು ಸ್ವಲ್ಪ ಬೇಜಾರೇ ಆಯಿತು. ಆಮೇಲೆ ಅವರು ನಕ್ಕರು, ಏಪ್ರಿಲ್‌ನಿಂದೀಚೆಗೆ ಮೊದಲ ಸಲ. "ಚುನ್, ಇವಳಿಗೆ ಇನ್ನೊಂದು ಮೊಟ್ಟೆ ಹಾಕೇ!" ಎಂದರು, ರಸ್ತೆಯಾಚೆ ಹಗ್ಗ ಸುತ್ತುತ್ತಿದ್ದ ಪೊಲೀಸನೂ ತಿರುಗಿ ನೋಡುವಷ್ಟು ಗಟ್ಟಿಯಾಗಿ.