ಮಗ್ಗದ ಪಕ್ಕ ಕೂತಿದ್ದ ಸರ್

ಪೆನ್ನು ಇರಬೇಕಾದ ಜೇಬಿನಲ್ಲಿ ಅವರು ಕೇಬಲ್ ಇಟ್ಟುಕೊಳ್ಳುತ್ತಿದ್ದರು. ಒಂದು ಮಾರು ಉದ್ದದ ಕರಿ ಯುಎಸ್‌ಬಿ ಕೇಬಲ್, ಸುತ್ತಿ ಸುತ್ತಿ ನಡುವೆ ದಾರ ಕಟ್ಟಿದ್ದು. ಬಿಳಿ ಅಂಗಿಯ ಎದೆ ಅದರಿಂದ ಒಂದು ಕಡೆ ಉಬ್ಬಿರುತ್ತಿತ್ತು. ಚುಚ್ಚುವ ಮೊದಲು ತುದಿಗೆ ಊದಿ, ಅಂಗಿಯ ಅಂಚಿಗೆ ಒರೆಸಿ, ಕನ್ನಡಕ ಹಣೆಗೇರಿಸಿ ನೋಡುವರು. ಜಮಖಂಡಿಯಲ್ಲಿ ಅವರ ಕೈಕೆಳಗೆ ನಾನು ಕಂಪ್ಯೂಟರ್ ಡಿಪ್ಲೊಮಾ ಓದುವಾಗಲೂ ಹಾಗೇ, ನಿವೃತ್ತರಾದ ಮೇಲೆ ಬನಹಟ್ಟಿಯ ನಮ್ಮ ಮನೆಗೆ ಬಂದಾಗಲೂ ಹಾಗೇ. ಕ್ಲಾಸಿನಲ್ಲಿ ನಾವು ಹುಡುಗಿಯರು ಅದನ್ನು ನೋಡಿ ನಕ್ಕಿದ್ದೇ ನಕ್ಕಿದ್ದು.

ಅವರನ್ನು ಕರೆಸಿದ್ದು ನಾನೇ. ನನ್ನ ಗಂಡ ಮುಧೋಳದ ಕಾರ್ಖಾನೆಯ ಪಾಳಿಗೆ ಹೋದರೆ ಮಗ್ಗಗಳ ಉಸಾಬರಿ ನನ್ನದು, ಅತ್ತೆಯದು. ಅತ್ತೆಯೊಡನೆ ಹಟ ಹಿಡಿದು ಒಂದು ಮಗ್ಗಕ್ಕೆ ಎಲೆಕ್ಟ್ರಾನಿಕ್ ಜಕಾರ್ಡ್ ಹಾಕಿಸಿದ್ದೆ. ಸೀರೆಯಂಚಿನ ಹೂವಿಗೆ ಯಾವ ಎಳೆ ಏಳಬೇಕು ಅನ್ನುವುದನ್ನು ತೂತು ಹೊಡೆದ ರಟ್ಟಿನ ಬದಲು ಒಂದು ಪುಟ್ಟ ಕಂಪ್ಯೂಟರ್ ಡಬ್ಬಿ ಹೇಳುತ್ತದೆ. ಆ ಡಬ್ಬಿ ದಿನಕ್ಕೆ ನಾಲ್ಕು ಸಲ ಗಪ್ಪಾಗುತ್ತಿತ್ತು. ನಿಂತಲ್ಲಿ ಸೀರೆಗೆ ಗೆರೆ. ಗೆರೆ ಬಿದ್ದ ಸೀರೆಯನ್ನು ವ್ಯಾಪಾರಿ ಮುಟ್ಟುವುದಿಲ್ಲ. ಡಬ್ಬಿ ಕೊಟ್ಟವರು ನನ್ನ ಫೋನ್ ಎತ್ತುವುದನ್ನೇ ಬಿಟ್ಟಿದ್ದರು. "ನಮ್ಮ ಹಳೀ ರಟ್ಟಿಗೆ ಏನ ಧಾಡಿ ಆಗಿತ್ತಬೇ?" ಎಂದು ಅತ್ತೆ ದಿನಕ್ಕೊಮ್ಮೆ ಕೇಳುವರು. ಡಬ್ಬಿ ನಡೆಯದಿದ್ದರೆ ಬಿಚ್ಚಿಹಾಕುವುದೇ. ಆಮೇಲೆ ಆ ಮನೆಯಲ್ಲಿ ನನ್ನ ಮಾತಿಗೆ ಕಿಮ್ಮತ್ತು ಎಲ್ಲಿಂದ ಬರಬೇಕು?

ಸರ್ ಬಂದು ಚಹಾ ಕುಡಿಯುತ್ತಿರುವಾಗಲೇ ಡಬ್ಬಿ ನಿಂತಿತು. ನಾನು ರೂಢಿಯಂತೆ ಸ್ವಿಚ್ ಆರಿಸಿ ಹಚ್ಚಲು ಹೋದೆ. ಕೈಮೇಲೆ ಫಟ್ಟನೆ ಹೊಡೆದರು.

"ಎಚ್ಚರ ತಪ್ಪಿದಾವಗ ನೀರು ಹೊಡದು ಎಬ್ಬಿಸಿ ಮನೀಗೆ ಕಳಿಸಿಬಿಟ್ರ, ಯಾಕ ಬಿದ್ದಾ ಅನ್ನೂದು ಯಾರಿಗೆ ತಿಳೀಬೇಕವಾ?"

ಡಬ್ಬಿಯ ಎಲ್ಲ ಕೆಲಸ ನಡೆಸುವ ಬುಡದ ಪ್ರೋಗ್ರಾಮಿಗೆ ಕರ್ನಲ್ ಅನ್ನುತ್ತಾರೆ. ಅದೇ ನಿಂತರೆ ಪರದೆಯ ಮೇಲೆ ಒಂದಕ್ಷರವೂ ಮೂಡುವುದಿಲ್ಲ, ಏನಾಯಿತೆಂದು ಹೇಳುವವರೇ ಇಲ್ಲ. ಅದಕ್ಕೇ ಪಕ್ಕದಲ್ಲಿ ಇನ್ನೊಂದು ಕಂಪ್ಯೂಟರ್ ಇಟ್ಟು, ಮೊದಲೇ ಕೇಬಲ್ ಜೋಡಿಸಿ, ನಿಂತ ಕ್ಷಣ ಅದರ ಬಾಯಿ ಬಿಡಿಸಬೇಕು. ಸರ್ ತಮ್ಮ ಲ್ಯಾಪ್‌ಟಾಪ್ ತೆರೆದು ಕೇಬಲ್ ಚುಚ್ಚಿ, ಅದು ನಿಲ್ಲಲಿ ಎಂದು ಕಾಯುತ್ತ ಕೂತರು. ಅದು ನಿಲ್ಲಲೇ ಇಲ್ಲ! ಸಂಜೆ ನಾಲ್ಕಕ್ಕೆ ಕೇಬಲ್ ಸುತ್ತಿಕೊಂಡು ಬಸ್ಸಿಗೆ ಹೋದರು. ಹತ್ತು ನಿಮಿಷದಲ್ಲಿ ಗಪ್. ಮರುದಿನವೂ ಅದೇ ಕಥೆ.

"ಮಾಸ್ತರ್ರ, ನಿಮ್ಮನ್ನ ಕಂಡ್ರ ಹೆದರತೈತ್ರಿ ಅದು," ಎಂದು ಅತ್ತೆ ನಕ್ಕರು.

"ಹೆದರಿಕಿ ಅಲ್ರೀ. ಒಂದ ಬಾಗಲದಾಗ ಇಬ್ಬರು ಒಮ್ಮೆಲೆ ತೂರಿದ್ರ ಇಬ್ರೂ ಸಿಗಬೀಳ್ತಾರ. ಡಬ್ಬಿ ಒಳಗಿನ ಎರಡ ಕೆಲಸ ಹಂಗ ಸಿಗಬೀಳ್ತಾವ. ನಾ ಕೇಬಲ್ ಹಾಕಿ ಮಾತಾಡ್ಸಿದ್ರ, ಒಬ್ಬಾವ ಮಾತಿಗೆ ನಿಂದರ್ತಾನ, ಇನ್ನೊಬ್ಬಾವ ಪಾರಾಗ್ತಾನ. ಆ ಬಾಗಲ ಎಲ್ಲೈತಿ ಅಂತ ಹುಡಕಬೇಕು."

ಹೀಗೆ ಅವರು ದಿನಾ ಬರತೊಡಗಿದರು. ಹತ್ತರ ಹೊತ್ತಿಗೆ ಬರುವರು. ಅವರು ಕೂತಷ್ಟು ಹೊತ್ತು ಆ ಮಗ್ಗ ನಡೆಸುವುದು, ಎದ್ದರೆ ನಿಲ್ಲಿಸುವುದು. ಪ್ರೋಗ್ರಾಮಿನಲ್ಲಿ ಏನೋ ತಿದ್ದಿ ತುಂಬುವರು, ಕೇಬಲ್ ಕಿತ್ತು ನೋಡುವರು, ಮಗ್ಗ ನಿಂತರೆ "ಹೋಗ್ಲಿ ಬಿಡು" ಎಂದು ಮತ್ತೆ ಚುಚ್ಚುವರು. ಸರ್ ಮದುವೆಯಾದವರಲ್ಲ. ಬುತ್ತಿಯಲ್ಲಿ ಖಾನಾವಳಿಯ ಎರಡು ತಣ್ಣನೆ ರೊಟ್ಟಿ. ಅತ್ತೆ ಅದನ್ನು ಕಸಿದು ಬದಿಗಿಟ್ಟು ಬಿಸಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ ಬಡಿಸುವರು. ಮಗ್ಗದ ಗದ್ದಲಕ್ಕೆ ತಲೆ ನೋಯುವುದಿಲ್ಲವೇ ಎಂದು ಒಮ್ಮೆ ಕೇಳಿದೆ. "ನಮ್ಮ ಖೋಲ್ಯಾಗ ಫ್ಯಾನಿನ ಸಪ್ಪಳ ಒಂದ ನೋಡವಾ. ಇಲ್ಲಿ ಛಲೋ ಅನಸ್ತೈತಿ," ಅಂದರು. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ತಿಂಗಳಾಗಿರಬೇಕು. ಮೇಜಿನ ಕೆಳಗೆ ಕಸ ಹೊಡೆಯುತ್ತಿದ್ದ ಅತ್ತೆ, "ಮಾಸ್ತರ್ರ, ನಿಮ್ಮ ವಾಯರ್ ಕಳಚೈತ್ರಿ," ಎಂದು ಕೇಬಲ್ಲಿನ ತುದಿ ಎತ್ತಿ ತೋರಿಸಿದರು. ಕೇಬಲ್ ಇಲ್ಲದೆಯೂ ಮಗ್ಗ ಧಡಧಡ ನಡೆದೇ ಇತ್ತು. ನಾನು ಸರ್ ಮುಖ ನೋಡಿದೆ. ಅವರು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ.

"ಎಷ್ಟ ದಿನಾ ಆತ್ರಿ ಸರ್, ಇದು ಸರಿಯಾಗಿ?"

"ಹನ್ನೆರಡ ದಿನಾ ಆತವಾ. ಹೇಳಬೇಕಂತನ ದಿನಾ ಬರತಿದ್ದೆ."

ನನ್ನ ಬಾಯಿ ಮೊದಲೇ ಹರಕು. "ನಮ್ಮನ್ನ ಹುಚ್ಚರನ್ನ ಮಾಡೀರೇನ್ರಿ? ನೀವು ಎದ್ರ ಮಗ್ಗ ನಿಂದರತೈತಿ ಅಂತ ನಾಕಕ್ಕ ಬಂದ್ ಮಾಡಿ ಕುಂದರತೀವಿ ನಾವು! ರೊಟ್ಟಿ ಬೇಕಾಗಿದ್ರ ರೊಟ್ಟಿ ಬೇಕಂತ ಕೇಳ್ರಿ, ನಾಟಕ ಯಾಕ ಮಾಡ್ತೀರಿ?"

ಅಯ್ಯೋ, ಎಂಥ ಮಾತು ಆಡಿಬಿಟ್ಟೆ! ಅತ್ತೆ ಕಸಬರಿಗೆ ಹಿಡಿದು ನಿಂತೇಬಿಟ್ಟರು. ಸರ್ ಕೇಬಲ್ ಸುತ್ತಿ ಜೇಬಿಗೆ ಹಾಕಿಕೊಂಡರು. ಅವತ್ತು ಉಣ್ಣಲಿಲ್ಲ. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ, "ಇನ್ನ ಸಂಜೀಮುಂದೂ ಹಚ್ಚವಾ. ನಿಂದ್ರೂದಿಲ್ಲ," ಅಂದರು. ತಡೆಯಬೇಕಿತ್ತು. ತಡೆಯಲಿಲ್ಲ.

ಸಿಟ್ಟು ಎರಡು ದಿನಕ್ಕೆ ಇಳಿಯಿತು, ನಾಚಿಕೆ ಮಾತ್ರ ಇಳಿಯಲಿಲ್ಲ. ಬರಿಗೈಲಿ ಹೋಗಿ ತಪ್ಪಾಯಿತೆನ್ನಲು ಬಾಯಿ ಬರಲಿಲ್ಲ. ಡಬ್ಬಿ ಇನ್ನೊಮ್ಮೆ ಕೆಡಲಿ, ಆ ನೆಪದಲ್ಲಿ ಫೋನ್ ಮಾಡೋಣ, ಅವರು ಬಂದು ಕೂತಾಗ ರೊಟ್ಟಿ ಬಡಿಸುತ್ತ ಹೇಳೋಣ ಅಂದುಕೊಂಡೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡಿತು. ಮದುವೆ ಸೀಜನ್ನಿನಲ್ಲಿ ಹಗಲೆಲ್ಲ ನಡೆಸಿದೆವು. ಅದು ಕೆಡಲಿಲ್ಲ. "ಕೆಡದಿದ್ರೂ ಹೋಗಿ ಬಾರಬೇ, ರೊಟ್ಟಿ ಕಟ್ಟಿಕೊಡ್ತೇನಿ," ಎಂದು ಅತ್ತೆ ಹೇಳಿ ಹೇಳಿ ಸೋತರು. "ಹೋಗ್ತೇನಿ ಬಿಡ್ರಿ," ಅನ್ನುತ್ತಿದ್ದೆ. ಜಮಖಂಡಿ ಎಷ್ಟು ದೂರ? ಒಂದು ಬಸ್ಸು.

ಕಳೆದ ಚಳಿಗಾಲದಲ್ಲಿ ಹಳೆಯ ಗೆಳತಿಯೊಬ್ಬಳು ಫೋನ್ ಮಾಡಿದಳು. ಸರ್ ಕೋಣೆಯ ಬಾಗಿಲ ಬಳಿ ಹಾಲಿನ ಪಾಕೀಟು ಹಾಗೇ ಬಿದ್ದದ್ದು ಕಂಡು ಮನೆ ಮಾಲೀಕರು ಕದ ಮುರಿದು ನೋಡಿದರಂತೆ. ಸರ್ ಅವರ ಮಣ್ಣಿಗೆ ಹೋದಾಗ ನಾವು ಆರೇಳು ಜನ ಇದ್ದೆವು, ಎಲ್ಲರೂ ವಿದ್ಯಾರ್ಥಿಗಳೇ.

ಮನೆಗೆ ಬಂದಾಗ ಮಗ್ಗ ನಡೆಯುತ್ತಿತ್ತು. ಅತ್ತೆ ನನ್ನ ಮುಖ ನೋಡಿ, "ಬಂದ್ ಮಾಡವಾ," ಅಂದರು. ಸರ್ ರಿಪೇರಿ ಮಾಡಿ ಹೋದ ಮೇಲೆ ಕರೆಂಟಿದ್ದೂ ಕೆಲಸದ ಹೊತ್ತಿನಲ್ಲಿ ಆ ಮಗ್ಗ ನಿಂತದ್ದು ಅದೊಂದೇ ಸಲ, ಅದೂ ನನ್ನ ಕೈಯಿಂದ. ಮೂರು ದಿನ ಹಚ್ಚಲಿಲ್ಲ. ಮನೆಯವರು ಯಾರಾದರೂ ತೀರಿಕೊಂಡರೆ ಮಾತ್ರ ನಾವು ಹಾಗೆ ಮಾಡುವುದು. ನೀವೂ ನಮ್ಮ ಮನೆಯವರೇ, ಕೆಲಸ ಇಲ್ಲದಿದ್ದರೂ ಬರ್ರಿ ಎಂದು ಅವರು ಇದ್ದಾಗ ಒಂದು ಮಾತು ಹೇಳಬೇಕಿತ್ತು.