ಖಂಡೇ ಪೂಜೆಯ ದಿನದ ಲಾಗಿನ್

ಹಳೆಯ ವಿಪಿಎನ್ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮರಾಠಿ ಸೀಮೆಯ ಭೋಸರಿ ಎಂಬ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರು, ನೆಟ್‌ವರ್ಕು, ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಲ್ಲ ನನ್ನ ಪಾಲಿನ ಕೆಲಸವಾಗಿತ್ತು. ಮಾಲಕರು ವಿಜಯಪುರದ ಕಡೆಯವರು, ನಾನೂ ಆ ಕಡೆಯವನೇ. ಯಂತ್ರದ ಬಿಡಿಭಾಗಗಳ ಡ್ರಾಯಿಂಗ್ ಮಾಡುತ್ತಿದ್ದ ಹುಡುಗಿ ಬಾಗಲಕೋಟೆಯವಳು. ಮಂದಿಯೊಳಗೆ ಮರಾಠಿ, ನಾವು ಮೂವರೇ ಇದ್ದಾಗ ಕನ್ನಡ.

ರಾಂಜಣಗಾಂವದಲ್ಲಿ ನಮ್ಮ ಇನ್ನೊಂದು ಯೂನಿಟ್ ಇತ್ತು. ಅಲ್ಲಿಂದಲೂ ಮನೆಯಿಂದಲೂ ಭೋಸರಿಯ ಸರ್ವರ್ ತಲುಪಲು ಇಂಟರ್ನೆಟ್ಟಿನೊಳಗೇ ಹಾಕಿಕೊಂಡ ಖಾಸಗಿ ದಾರಿಯೇ ಈ ವಿಪಿಎನ್. ನಮ್ಮದು ಪಿಪಿಟಿಪಿ ಎಂಬ ತೊಂಬತ್ತರ ದಶಕದ ಪದ್ಧತಿ. ಪಾಸ್‌ವರ್ಡನ್ನು ಅದು ಮುಚ್ಚಿಯೇ ಕಳಿಸುತ್ತದೆ, ಆದರೆ ಆ ಮುಚ್ಚಳ ಭಾರೀ ಸಡಿಲ. ದಾರಿಯಲ್ಲಿ ಕುಳಿತವನು ಒಂದು ಲಾಗಿನ್ ಹಿಡಿದಿಟ್ಟುಕೊಂಡರೆ ಸಾಕು, ಮನೆಗೆ ಹೋಗಿ ಆರಾಮಾಗಿ ಬಿಡಿಸಿಕೊಳ್ಳಬಹುದು. ಆಮೇಲೆ ಅವನು ಬಂದರೂ ನೀವು ಬಂದರೂ ಅದಕ್ಕೆ ಒಂದೇ.

ವೈರ್‌ಗಾರ್ಡ್‌ನಂಥ ಹೊಸ ಪದ್ಧತಿ ಹಾಗಲ್ಲ. ಒಂದೊಂದು ಲ್ಯಾಪ್‌ಟಾಪಿಗೂ ಒಂದೊಂದು ಕೀಲಿ, ಗುಟ್ಟಿನ ಕೀಲಿ ಆ ಲ್ಯಾಪ್‌ಟಾಪ್ ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಗುರುತಿಲ್ಲದವನು ಬಂದು ಬಾಗಿಲು ತಟ್ಟಿದರೆ ಉತ್ತರವೂ ಬರುವುದಿಲ್ಲ, ಒಳಗೆ ಯಾರಾದರೂ ಇದ್ದಾರೆಂದೇ ತಿಳಿಯುವುದಿಲ್ಲ. ಇದನ್ನು ನಾನು ಮಾಲಕರಿಗೆ ಮೂರು ಸಲ ಹೇಳಿದ್ದೆ. ಮೂರು ಸಲವೂ ಒಂದೇ ಉತ್ತರ.

"ನಡದಿದ್ದನ್ನ ಯಾಕ ಕೆಣಕ್ತೀರಿ? ಇದೊಂದ ಐಕಾನ್ ಒತ್ತೋದು ನನಗ ರೂಢಿ ಆಗ್ಯದ."

ಅವರ ಬೆರಳಿನ ರೂಢಿಗಾಗಿ ಇಡೀ ಕಾರ್ಖಾನೆ ಕದ ತೆರೆದುಕೊಂಡು ಕೂತಿತ್ತು. ಆ ಹುಡುಗಿ ಪಿಜಿಯಲ್ಲಿದ್ದಳು. ಅಲ್ಲಿ ಎಲ್ಲರಿಗೂ ಒಂದೇ ವೈಫೈ. ಭಾನುವಾರವೂ ಡ್ರಾಯಿಂಗ್ ತಿದ್ದು ಎಂದು ಮಾಲಕರು ಫೋನ್ ಮಾಡಿದರೆ ಅವಳು ಅಲ್ಲಿಂದಲೇ ಸರ್ವರಿಗೆ ಬರಬೇಕಿತ್ತು.

ನವರಾತ್ರಿಯ ಒಂಬತ್ತನೆಯ ದಿನ ನಮ್ಮಲ್ಲಿ ಖಂಡೇ ಪೂಜೆ, ಅಂದರೆ ಆಯುಧ ಪೂಜೆ. ಲೇಥ್ ಯಂತ್ರಗಳಿಗೆ ಚೆಂಡುಹೂವಿನ ಮಾಲೆ, ಅವರವರ ಕೆಲಸದ ಸಲಕರಣೆ, ಹತ್ಯಾರ ಅವರವರೇ ತೊಳೆದು ತಂದು ಪೂಜೆಗಿಡಬೇಕು. ಇಟ್ಟ ಮೇಲೆ ಮರುದಿನ ಬೆಳಗಿನವರೆಗೆ ಯಾರೂ ಮುಟ್ಟುವಂತಿಲ್ಲ. ಲೇಥ್ ನಡೆಸುವ ಟರ್ನರುಗಳ ಅಳತೆಯ ಮೈಕ್ರೋಮೀಟರ್ ಪಕ್ಕದಲ್ಲೇ ಅವಳ ಲ್ಯಾಪ್‌ಟಾಪೂ ಇತ್ತು. ಅದಕ್ಕೆ ಮಾಲಕರೇ ಕೈಯಾರೆ ಕುಂಕುಮ ಹಚ್ಚಿದ್ದರು. ಮರುದಿನ ದಸರೆಗೆ ಅವಳು ಬನ್ನಿ ಎಲೆ ಕೊಟ್ಟು ಅವರ ಕಾಲಿಗೆ ನಮಸ್ಕಾರ ಮಾಡಿದಳು. "ಬಂಗಾರದಂಗ ಇರೋಣ ತಂಗಿ" ಎಂದರು.

ವಾರ ಕಳೆಯುವುದರೊಳಗೆ ದೊಡ್ಡ ಗಿರಾಕಿಯೊಬ್ಬರಿಂದ ಫೋನ್ ಬಂತು. ನಂಬಿ ಕೊಟ್ಟಿದ್ದ ಅವರ ಡ್ರಾಯಿಂಗ್ ಬೇರೆಯವರ ಕೈಯಲ್ಲಿ ಸಿಕ್ಕಿತ್ತು. ಯಾರು ಯಾವಾಗ ಸರ್ವರಿನೊಳಗೆ ಬಂದರೆಂದು ಬರೆದಿಡುವ ಲಾಗ್ ತೆಗೆದು ನೋಡಿದೆ. ಖಂಡೇ ಪೂಜೆಯ ಮಧ್ಯಾಹ್ನ, ಯಾವುದೋ ಮೊಬೈಲ್ ನೆಟ್‌ವರ್ಕಿನಿಂದ ಅವಳ ಹೆಸರಿನಲ್ಲಿ ಯಾರೋ ಒಳಗೆ ಬಂದು ಇಡೀ ಫೋಲ್ಡರ್ ಎತ್ತಿಕೊಂಡು ಹೋಗಿದ್ದರು. ಯಾರೆಂದು ಇವತ್ತಿಗೂ ಗೊತ್ತಿಲ್ಲ. ಅವಳಲ್ಲ ಎಂಬುದು ಮಾತ್ರ ಹಗಲಿನಷ್ಟು ಸ್ಪಷ್ಟವಾಗಿತ್ತು. ಆ ಹೊತ್ತಿಗೆ ಅವಳು ನಮ್ಮೆಲ್ಲರ ಕಣ್ಣೆದುರಿಗೆ ಪ್ರಸಾದ ಹಂಚುತ್ತಿದ್ದಳು.

ಮಾಲಕರು ನಮ್ಮಿಬ್ಬರನ್ನೂ ಕ್ಯಾಬಿನ್ನಿಗೆ ಕರೆಸಿದರು.

"ನಿನ್ನ ಹೆಸರ ಬಂದದ ತಂಗಿ. ನಾಳಿಂದ ಬರಬ್ಯಾಡ."

"ಸಾವಕಾರ್ರ, ನನ್ನ ಲ್ಯಾಪ್‌ಟಾಪ್ ಪೂಜಾದಾಗ ಇತ್ತಲ್ರಿ. ನೀವ ಕುಂಕುಮ ಹಚ್ಚೀರಿ."

ಅವರು ನನ್ನ ಕಡೆ ತಿರುಗಿದರು. "ಏನ್ರಿ, ಲಾಗ್‌ನ್ಯಾಗ ಯಾರ ಹೆಸರದ?"

"ಹೆಸರ ಇವರದ ಅದರಿ, ಆದ್ರ..."

"ಆದ್ರ ಗೀದ್ರ ಬ್ಯಾಡ. ಅಷ್ಟ ಸಾಕು."

ಅಷ್ಟಕ್ಕೇ ನಿಲ್ಲಿಸಿದೆ. ನಡೆದದ್ದನ್ನು ಗಿರಾಕಿಗೆ ಇದ್ದಂತೆ ಹೇಳಿದರೆ ನಿಮ್ಮ ವಿಪಿಎನ್ ಯಾವುದು ಎಂದು ಅವರು ಕೇಳುತ್ತಿದ್ದರು, ಮಾಲಕರ ಮಾನ ಹೋಗುತ್ತಿತ್ತು. ಅದರ ಬದಲು ಅವಳ ಮಾನ ಹೋದರೆ ಆ ಮನುಷ್ಯನಿಗೆ ಏನೂ ಅನಿಸಲಿಲ್ಲ. ತಂಗಿ ತಂಗಿ ಎನ್ನುತ್ತಲೇ ಹೊರಗೆ ಹಾಕಿದರು.

ಅಲ್ಲಿಗೂ ಬಿಡಲಿಲ್ಲ. ಭೋಸರಿಯಲ್ಲಿ ಕೆಲಸ ಕೊಡುವ ಮೊದಲು ಹಿಂದಿನ ಮಾಲಕರಿಗೆ ಫೋನ್ ಮಾಡಿ ಕೇಳುವುದು ವಾಡಿಕೆ. ಅಂಥ ಎರಡು ಫೋನುಗಳಿಗೆ ಇವರು ಉತ್ತರ ಕೊಟ್ಟಿದ್ದನ್ನು ನಾನೇ ಕೇಳಿಸಿಕೊಂಡೆ. "ಕಾಮ್ ಚಾಂಗ್ಲಂ ಆಹೇ, ಪಣ್ ವಿಶ್ವಾಸ್ ನಾಹೀ." ಕೆಲಸ ಚೆನ್ನಾಗಿದೆ, ನಂಬಿಕೆ ಮಾತ್ರ ಇಲ್ಲವಂತೆ! ನನಗೆ ಫೋನ್ ಕಿತ್ತು ಗೋಡೆಗೆ ಬಡಿಯಬೇಕೆನಿಸಿತು. ಬಡಿಯಲಿಲ್ಲ. ಎರಡೂ ಕೆಲಸ ಅವಳ ಕೈತಪ್ಪಿದವು.

ತಿಂಗಳೊಪ್ಪತ್ತಿನಲ್ಲಿ ಗಿರಾಕಿಯ ಕಡೆಯಿಂದ ತಪಾಸಣೆಗೆ ಬರುತ್ತಾರೆಂದು ಗೊತ್ತಾದದ್ದೇ ತಡ, ಮಾಲಕರಿಗೆ ಹೊಸ ವಿಪಿಎನ್ ಬೇಕಾಯಿತು. ಊಟದ ಬಿಡುವು ಮುಗಿದ ಮೇಲೆ ಶುರು ಮಾಡಿದೆ. ಎಲ್ಲರ ಕೀಲಿ ಮಾಡಿ, ಹಳೆಯದನ್ನು ಕಿತ್ತು ಹಾಕಿ, ಸಂಜೆಯ ಚಹಾದ ಹೊತ್ತಿಗೆ ಮುಗಿಸಿದೆ. ಮಾಲಕರು ಹೊಸ ಐಕಾನ್ ಒತ್ತಿ ನೋಡಿ ಖುಷಿಪಟ್ಟರು.

"ಇಷ್ಟ ಸರಳ ಇತ್ತಂದ್ರ ಮೊದಲ ಯಾಕ ಹೇಳ್ಲಿಲ್ರಿ?"

ನನ್ನ ತಲೆ ಕೆಟ್ಟುಹೋಯಿತು. "ಮೂರ ಸಲ ಹೇಳೀನ್ರಿ! ಒಬ್ಬ ಹುಡುಗಿ ಬಾಳೇವು ಹಾಳ ಮಾಡಿ ಈಗ ಕೇಳ್ತೀರಲ್ರಿ!" ಎಂದು ಒದರಿದೆ. ಕ್ಯಾಬಿನ್ನಿನ ಗಾಜಿನ ಆಚೆ ಮಂದಿ ಕೆಲಸ ಬಿಟ್ಟು ನೋಡುತ್ತ ನಿಂತರು. ನಾನು ನನ್ನ ಮೇಜಿಗೆ ಬಂದು, ಪೂಜೆಯ ದಿನ ಲ್ಯಾಪ್‌ಟಾಪ್ ಎಲ್ಲಿತ್ತು, ಅವಳು ಎಲ್ಲಿದ್ದಳು, ಹಳೆಯ ಪದ್ಧತಿಯಲ್ಲಿ ಪಾಸ್‌ವರ್ಡ್ ಹೇಗೆ ಕದಿಯಬಹುದು ಎಲ್ಲವನ್ನೂ ಬರೆದು, ಲಾಗಿನ ಪುಟ ಲಗತ್ತಿಸಿ ಸಹಿ ಹಾಕಿದೆ. ಅದರ ಒಂದು ಪ್ರತಿಯ ಜೊತೆ ರಾಜೀನಾಮೆಯನ್ನೂ ಬರೆದಿಟ್ಟು, ಇನ್ನೊಂದನ್ನು ಅವಳಿಗೆಂದು ತೆಗೆದುಕೊಂಡು ಎದ್ದೆ.

ಪಿಜಿಯ ಗೇಟಿನ ಬಳಿ ಅವಳು ನಿಂತೇ ಓದಿದಳು. ನಿಧಾನವಾಗಿ, ಕೊನೆಯ ಸಾಲಿನವರೆಗೆ ಓದಿದಳು. ಥ್ಯಾಂಕ್ಸ್ ಎನ್ನುತ್ತಾಳೆಂದು ನಾನು ಕಾದಿದ್ದೆ, ಸುಳ್ಳು ಯಾಕೆ ಹೇಳಲಿ.

"ಇಷ್ಟೆಲ್ಲಾ ನಿಮಗ ಅವತ್ತ ಗೊತ್ತಿತ್ತೇನ್ರಿ, ಸರ?"

"ಗೊತ್ತಿತ್ತು."

"ನನ್ನ ಬಾಜೂಕ ನಿಂತಿದ್ರಲ್ರಿ."

ಕಾಗದ ಮಡಚಿ ಬ್ಯಾಗಿನೊಳಗಿಟ್ಟುಕೊಂಡು ಒಳಗೆ ಹೋದಳು. ಆ ಗಳಿಗೆಯವರೆಗೆ ನನ್ನ ಸಿಟ್ಟೆಲ್ಲ ಮಾಲಕರ ಮೇಲಷ್ಟೇ ಇತ್ತು.